ವಲ್ಲಿಯ ಕೆಳಗಿನ ದರ

ಬಕ್ರೀದ್ ಹತ್ತಿರ ಬಂತೆಂದರೆ ಮುದ್ದಣ್ಣ ಮಂದೆಯ ಒಳ್ಳೆಯ ಟಗರೊಂದನ್ನು ಹಿರಿಯೂರಿಗೆ ತಂದು ಉಸ್ಮಾನ್ ಸಾಬರ ಅಂಗಡಿಯ ಕಂಬಕ್ಕೆ ಕಟ್ಟುತ್ತಿದ್ದ. ದರ ಹೇಳುತ್ತಿರಲಿಲ್ಲ. ಸಾಬರು ಕೊಟ್ಟಷ್ಟನ್ನು ಎಣಿಸದೆ ಜೇಬಿಗಿಳಿಸಿ, ಅವರ ಹೆಂಡತಿ ಅಮೀನಾ ಬೀ ಒಳಗಿನಿಂದ ಕಳಿಸಿದ ಚಹಾ ಕುಡಿದು, "ಭಾವ, ಈ ಸಲದ್ದು ಮೈತುಂಬಾ ಕೊಬ್ಬು ಐತೆ, ನಿನ್ನಂಗೆ" ಎಂದು ಚುಡಾಯಿಸಿ ಹೊರಡುತ್ತಿದ್ದ.

ಈ ಸಲ ಬರುತ್ತಾನೋ ಇಲ್ಲವೋ ಎಂದು ಸಾಬರು ವಾರದಿಂದ ರಸ್ತೆ ನೋಡುತ್ತಿದ್ದರು.

ಮೋಟರ್ ರಿಪೇರಿಯ ಅಂಗಡಿಯಲ್ಲಿ ಅವರು ಸೋಲಾರ್ ಪ್ಯಾನೆಲ್ ಮಾರಾಟಕ್ಕೆ ಇಟ್ಟು ಕೆಲವು ವರ್ಷಗಳಾಗಿದ್ದವು. ಕೂಡಿಟ್ಟದ್ದನ್ನೆಲ್ಲ ಹಾಕಿ ಗೋದಾಮು ತುಂಬಿಸಿದ್ದರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬೆಂಗಳೂರಿನ ಸಗಟು ವ್ಯಾಪಾರಿ ಫೋನ್ ಮಾಡಿ, ಬರುವ ತಿಂಗಳು ದರ ಇನ್ನೂ ಕುಸಿಯುತ್ತದೆ, ಹಳೇ ಮಾಲು ಬೇಗ ಸಾಗಹಾಕಿ ಎಂದ. ಅದೇ ಮಧ್ಯಾಹ್ನ ಮುದ್ದಣ್ಣ ಬಂದು ಕೂತ. ಬಬ್ಬೂರಿನ ಹತ್ತಿರದ ತನ್ನ ಬೋರಿಗೆ ಸೋಲಾರ್ ಹಾಕಿಸಲು ಅರ್ಧ ಮಂದೆ ಮಾರಿ ಬಂದಿದ್ದ.

"ಈಗ್ಲೇ ತಗಳ್ಲಾ ಭಾವ, ಇನ್ನೊಂದೀಟು ದಿನ ತಡೀಲಾ?"

ಸಾಬರ ಕಣ್ಣು ಗೋದಾಮಿನ ಬಾಗಿಲ ಕಡೆ ಹೋಯಿತು. "ತಡೆದು ಏನ್ ಮಾಡ್ತೀಯ? ಹಾಕ್ಸಿಬಿಡು" ಎಂದರು.

ಯುಗಾದಿಯ ಹೊತ್ತಿಗೆ ಪಕ್ಕದ ಹೊಲದ ಮುರುಗಪ್ಪ ಅಂಥವೇ ಪ್ಯಾನೆಲ್‌ಗಳನ್ನು ಬಹಳ ಕಮ್ಮಿಗೆ ಹಾಕಿಸಿದ. ದರ ಇಳಿಯುವ ಸುದ್ದಿ ಅಂಗಡಿಯವರಿಗೆಲ್ಲ ಮೊದಲೇ ಗೊತ್ತಿತ್ತು ಎಂಬುದನ್ನೂ ಮುದ್ದಣ್ಣನಿಗೆ ಅವನೇ ಹೇಳಿದನಂತೆ. ಮುದ್ದಣ್ಣ ಜಗಳಕ್ಕೆ ಬಂದಾನೆಂದು ಸಾಬರು ಉತ್ತರ ಹೊಂದಿಸಿಟ್ಟುಕೊಂಡರು: ಮಾಲಿಗೆ ಹಾಕಿದ ಬಂಡವಾಳ, ಮುಳುಗುತ್ತಿದ್ದ ಅಂಗಡಿ. ಎಲ್ಲವೂ ನಿಜವೇ. ಆದರೆ ಅವನು ಬರಲಿಲ್ಲ. ಫೋನ್ ಮಾಡೋಣವೆಂದು ಎಷ್ಟೋ ಸಲ ಹೆಸರು ಹುಡುಕಿ, ಮೊದಲ ಮಾತು ಹೊಳೆಯದೆ ಇಟ್ಟುಬಿಟ್ಟರು.

ಬಕ್ರೀದಿನ ಹಿಂದಿನ ದಿನ ಅವನು ಬಂದ. ಟಗರಿತ್ತು. ಕಂಬಕ್ಕೆ ಕಟ್ಟಲಿಲ್ಲ, ಹಗ್ಗ ಎಡಗೈಯಲ್ಲೇ ಇತ್ತು. ಕುರಿಸಂತೆಯಲ್ಲಿ ಗುರುತಿಲ್ಲದವರೊಡನೆ ಮಾಡುವಂತೆ, ಹೆಗಲ ವಲ್ಲಿಯನ್ನು ಬಲಗೈ ಮೇಲೆ ಹರವಿ ಮುಂದೆ ಚಾಚಿದ. ಅದರ ಮರೆಯಲ್ಲಿ ಬಾಯಿಬಿಡದೆ, ಬೆರಳು ಹಿಡಿದೇ ದರ ಕುದುರಿಸಬೇಕು.

"ನಮ್ಮಿಬ್ರ ಮಧ್ಯೆ ವಲ್ಲಿ ಯಾಕೋ?" ಸಾಬರು ಕೇಳಿದರು.

"ವ್ಯಾಪಾರ ಅಲ್ವೇನ್ರಿ, ಸಾಬ್ರೆ."

ಸಾಬರು ಕೈ ತೂರಿಸಿದರು. ಎಷ್ಟೇ ಕೇಳಿದರೂ ಕೊಟ್ಟುಬಿಡೋಣ ಎಂದುಕೊಂಡಿದ್ದರು. ಮುದ್ದಣ್ಣನ ಒರಟು ಬೆರಳುಗಳು ಹೇಳಿದ್ದು ಅಂದಿನ ಸಂತೆಯ ದರ, ಅಷ್ಟೇ. ಸಾಬರು ಇನ್ನೆರಡು ಬೆರಳು ಸೇರಿಸಿ ಒತ್ತಿದರು. ಮುದ್ದಣ್ಣ ಅವನ್ನು ಮೆಲ್ಲಗೆ ಬಿಡಿಸಿ, ಮೊದಲಿನಷ್ಟನ್ನೇ ಮತ್ತೆ ಹಿಡಿದ.

ದುಡ್ಡು ಕೈಗೆ ಬಂದ ಮೇಲೆ ನೋಟುಗಳನ್ನು ಒಂದೊಂದಾಗಿ ಎಣಿಸಿಕೊಂಡ. ಹಗ್ಗವನ್ನು ಸಾಬರ ಕೈಗೆ ಕೊಟ್ಟ. ಒಳಗಿನಿಂದ ಚಹಾ ಬರುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ.