ಯಾರ ಲೆಕ್ಕದ ಸಿಪಾಯಿಗಳು

ಮೇಜಿನ ಕೆಳಗೆ ಕರ್ನಲ್ ಹೆಸ್ಕೆತ್‌ನ ಬೂಟು ಟಕ್ ಟಕ್ ಅನ್ನುತ್ತಿದೆ, ಬೇಸರಕ್ಕೋ ಸೊಕ್ಕಿಗೋ, ಸೊಕ್ಕಿಗೇ ಇರಬೇಕು, ಲಂಡನ್ನಿನಿಂದ ಆಕ್ಲೆಂಡಿಗೆ ಬಂದ ಯಾವ ಬೂಟು ತಾನೇ ಸುಮ್ಮನಿದ್ದದ್ದುಂಟು, ಅಂದುಕೊಂಡ ವಸಾಹತಿನ ಪರ ಚೌಕಾಸಿಗೆ ಕೂತ ಸಭಾಸದ ಆಂಬ್ರೋಸ್ ಪೆಂಗೆಲಿ, ಒಬ್ಬ ಸಿಪಾಯಿಗೆ ವರ್ಷಕ್ಕೆ ನಲವತ್ತು ಪೌಂಡ್ ವಸಾಹತೇ ಕೊಡಬೇಕಂತೆ, ಇಲ್ಲದಿದ್ದರೆ ದಂಡು ಹಡಗು ಹತ್ತುತ್ತದಂತೆ — ಒಂದು ಕಾಸೂ ಸುಮ್ಮನೆ ಬಿಡಬೇಡಿ ಕಣ್ರೀ, ಈಗ ಪಕ್ಕದಲ್ಲಿ ಕುಳಿತಿರುವ ಮಂತ್ರಿ ಡನ್‌ಸ್ಟರ್ ಬೆಳಿಗ್ಗೆ ಗಾಡಿಯಲ್ಲೇ ಕಿವಿಯಲ್ಲಿ ಊದಿದ್ದ. ಬಿಟ್ಟಾನೆಯೇ ಪೆಂಗೆಲಿ! ಮೂರು ದಿನ ಮಸೆದಿಟ್ಟ ಮಾತನ್ನು ಈಗಷ್ಟೇ ಎಸೆದಿದ್ದ: ಪಟ್ಟಣ ಕಾಯೋರಿಗೆ ನಾವು ಕೊಡ್ತೀವಿ ಸಾಹೇಬ್ರೇ, ನದಿ ದಂಡೆ ಠಾಣೆಗಳಲ್ಲಿ ಇರೋರು ರಾಣಿಯವರ ಯುದ್ಧಕ್ಕೆ ಬಂದೋರು, ಅವರ ಖರ್ಚು ಲಂಡನ್ನಿಗೇ ಇರ್ಲಿ. ಭಲೇ, ಅಂತ ಡನ್‌ಸ್ಟರ್ ಮೊಣಕೈಯಲ್ಲಿ ತಿವಿದಿದ್ದ.

ಕರ್ನಲ್ ಸಿಟ್ಟಾಗಬೇಕಿತ್ತು, ಆಗಲಿಲ್ಲ, ಚೌಕಾಸಿ ಅಂದಮೇಲೆ ಎದುರಿನವನು ಕೂಗಾಡಬೇಕು, ಕುರ್ಚಿ ಹಿಂದಕ್ಕೆ ತಳ್ಳಬೇಕು, ಈ ಮಹಾರಾಯ ನಗುತ್ತಿದ್ದಾನೆ, ಬೂಟೂ ನಿಂತಿದೆ, ಆಗಲಿ ಪೆಂಗೆಲಿಯವ್ರೇ, ಹಾಗೇ ಬರ್ಕೊಳ್ಳಿ, ಲಂಡನ್ ಕೊಡಲ್ಲ, ನೀವೂ ಕೊಡಲ್ಲ, ಅಂದ್ಮೇಲೆ ಠಾಣೆ ಯಾಕೆ, ಇವತ್ತೇ ಮುಚ್ಚಿಸ್ತೀನಿ — ನಕಾಶೆ ಬಿಚ್ಚಿದ, ಜೇಬಿನಿಂದ ಪೆನ್ಸಿಲ್ ತೆಗೆದ, ನದಿ ಕಡಲು ಸೇರುವಲ್ಲಿದ್ದ ಮೊದಲ ಠಾಣೆಗೆ ಅಡ್ಡ ಗೀಟು. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಕೊಂಡೆ, ಐದನೆಯದು ವೈಟೋರೆ, ಠಾಣೆಯ ಬೇಲಿಗೆ ಹೊಂದಿಕೊಂಡೇ ಕೆಜಿಯಾಳ ಮನೆ, ಗಂಡ ಸತ್ತ ತಂಗಿ, ಎರಡು ಹೆಣ್ಣುಮಕ್ಕಳು, ಅಣ್ಣಾ, ಇದು ಆಚೆ ದಡದಲ್ಲಿರೋ ಈ ನೆಲದ ಮೂಲದೋರಿಂದ ಯುದ್ಧದಲ್ಲಿ ಕಿತ್ಕೊಂಡ ಹೊಲ ಅಂತಲ್ಲೋ, ಅವರು ಸುಮ್ನಿರ್ತಾರಾ, ನಂಗೆ ಭಯ ಆಗತ್ತೆ, ಅಂದಿದ್ದಳು, ಹುಚ್ಚಿ, ಕೂಗಳತೇಲಿ ಐವತ್ತು ಬಂದೂಕು ಇಟ್ಕೊಂಡು ಭಯ ಅಂತೀಯಲ್ಲೇ, ಅಂತ ನಕ್ಕವನು ಇವನೇ, ಕೈ ಹಿಡಿದು ಹೊಲದ ಪತ್ರಕ್ಕೆ ಸಹಿ ಹಾಕಿಸಿದವನೂ ಇವನೇ. ಎರಡನೆಯದಕ್ಕೆ ಗೀಟು. ತಡೀರಿ ಅನ್ನಬೇಕು, ಆದರೆ ಯಾವ ಮುಖ ಇಟ್ಟುಕೊಂಡು, ಮೂರನೆಯದಕ್ಕೂ ಗೀಟು, ಹೋದ ತಿಂಗಳು ವಸಾಹತಿನ ಶಾಸನಸಭೆಯಲ್ಲಿ ಮುದುಕ ಸದಸ್ಯ ಲಾರ್‌ಕಿನ್ ತನ್ನ ಹೊಲದ ಹತ್ತಿರ ಒಂದು ಠಾಣೆ ಕೇಳಿದಾಗ, ನಿಮ್ಮ ಕುರಿ ಕಾಯೋಕೂ ದಂಡು ಬೇಕಾ ಸ್ವಾಮಿ, ಅಂತ ಎದ್ದು ನಿಂತು ಹಂಗಿಸಿದ್ದ, ಇಡೀ ಸಭೆ ಗೊಳ್ಳೆಂದಿತ್ತು, ಮುದುಕ ತಲೆಯೆತ್ತದೆ ಹೊರಗೆ ಹೋಗಿದ್ದ. ನಾಲ್ಕನೆಯದಕ್ಕೆ ಗೀಟು.

ಪೆನ್ಸಿಲ್ ವೈಟೋರೆಯ ಮೇಲೆ ನಿಂತಿದೆ. ಮುಖ ಯಾಕೆ ಬೆಳ್ಳಗಾಯ್ತು, ನಿಮ್ಮೋರು ಯಾರಾದ್ರೂ ಇದ್ದಾರಾ ಇಲ್ಲಿ, ಇದ್ರೆ ಹೇಳಿ, ಸಂಕೋಚ ಬೇಡ, ಇದೊಂದನ್ನ ಬಿಟ್ಟುಬಿಡೋಣ — ಕರ್ನಲ್‌ನ ದನಿಯಲ್ಲಿ ಕುಹಕವಿಲ್ಲ, ನಿಜವಾಗಿಯೂ ಬಿಡುತ್ತಾನೆ, ಹೇಳು, ತಂಗಿ ಅನ್ನು, ಎರಡೇ ಅಕ್ಷರ, ಆದರೆ ಡನ್‌ಸ್ಟರ್ ಕುರ್ಚಿಯಲ್ಲಿ ತಿರುಗಿ ಕೂತು ಇವನ ಬಾಯನ್ನೇ ನೋಡುತ್ತಿದ್ದಾನೆ, ನಾಳೆ ಸಭೆಯಲ್ಲಿ ಲಾರ್‌ಕಿನ್ ನಗುತ್ತಾನೆ, ಎಲ್ಲರೂ ನಗುತ್ತಾರೆ, ಹೇಳೋ ಪಾಪಿ. ಯಾರೂ ಇಲ್ಲ, ಅಂದಿತು ಬಾಯಿ. ಗೀಟು. ಅದರಡಿಯಲ್ಲಿ ಇನ್ನೂ ಓದಬಹುದಾದ ಹೆಸರು, ವೈಟೋರೆ, ಅದರ ಮೇಲೆ ಗೀಟು, ಗೀಟು.