ತೂರಾಟನ ಮೂಗು

"ಹಾಕ್ಕೊಳೋ ಬೋಳಿಮಗನೆ. ಇಷ್ಟು ದಿನ ಹಾಲು ಕುಡಿದು ಇಳೀತಿದ್ಯಾ?" ಎನ್ನುತ್ತ ಕಂಟ್ರಾಕ್ಟರ್ ಸಾರಾಯಿ ಬಾಟಲಿಯನ್ನು ತೂರಾಟನ ಮುಖಕ್ಕೆ ಹಿಡಿದ.

ಚರಂಡಿಯ ಮುಚ್ಚಳ ತೆಗೆದಾಗಿತ್ತು. ಗುಂಡಿಗಿಳಿಯುವ ಮುನ್ನ ನಮಗೆಲ್ಲ ಕುಡಿಸುವುದು ಅವನ ಪದ್ಧತಿ. ಕೈಗವಸು ಕೊಡದ, ಮುಖಗವಸು ಕೊಡದ ಪುಣ್ಯಾತ್ಮ ಸಾರಾಯಿಯಲ್ಲಿ ಮಾತ್ರ ದಾನಶೂರ. ಕುಡಿದರೆ ನಾತ ತಿಳಿಯುವುದಿಲ್ಲ, ಭಯವೂ ತಿಳಿಯುವುದಿಲ್ಲ.

ತೂರಾಟ ಈಗ ನೆಟ್ಟಗೆ ನಡೆಯುತ್ತಾನೆ. ಅಡ್ಡಹೆಸರು ಮಾತ್ರ ಉಳಿದುಕೊಂಡಿದೆ. ಕೈನಡುಕ ಹೆಚ್ಚಾದಾಗ ಹೆಂಡತಿ ಅವನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ದಿದ್ದಳು. ಡಾಕ್ಟರು ಕುಡಿಯುವ ಆಸೆ ತಗ್ಗಿಸುವ ಮಾತ್ರೆ ಕೊಟ್ಟರು. ಜೊತೆಗೆ ವಾರವಾರವೂ ಒಬ್ಬ ಮೇಡಂ ಎದುರು ಕೂತು ಮಾತಾಡಬೇಕು. ಜನ್ಮದಲ್ಲಿ ಮೊದಲ ಸಲ ಯಾರೋ ಕುರ್ಚಿ ಕೊಟ್ಟರೆಂದು ಅವನು ಬೀಗಿದ್ದೇ ಬೀಗಿದ್ದು. ಯಾಕೆ ಕುಡಿಯುತ್ತೀರಿ ಎಂದು ಮೇಡಂ ಕೇಳಿದರಂತೆ. ಇವನು ಗುಂಡಿಯ ವರ್ಣನೆ ಶುರುಮಾಡಿದ್ದೇ ಟೀ ಲೋಟ ಪಕ್ಕಕ್ಕಿಟ್ಟರಂತೆ. ಹಾಗಾದರೆ ಕುಡಿಸುವ ಜಾಗದಿಂದಲೇ ದೂರ ಇರಿ ಎಂದರಂತೆ.

ಔಷಧಿ ನಾಟಿತು. ಅದರೊಂದಿಗೆ ಮೂಗೂ ವಾಪಸು ಬಂತು. ಮಗಳ ತಲೆಗೂದಲು ಸೋಪಿನ ಹಾಗೆ ಘಮ್ಮೆನ್ನುತ್ತದೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ನಮಗೆ ಹೊಟ್ಟೆಕಿಚ್ಚಾಯಿತು. ಮಾತ್ರೆ ಶುರುವಾದ ಮೇಲೆ ಅವನು ಕೆಲಸಕ್ಕೆ ಬಂದದ್ದು ಇವತ್ತೇ ಮೊದಲು.

"ಮಾತ್ರೆ ತಗೋತಿದೀನಿ ಧಣಿ, ಕುಡಿಯಲ್ಲ. ಕುಡೀದೆ ಇಳಿಯೋಕೂ ಆಗಲ್ಲ, ನಾತ ಹೊಡಿಯುತ್ತೆ," ಎಂದ ತೂರಾಟ.

"ನಿಮ್ಮಂಥೋರಿಗೆ ಯಾವಾಗಿಂದ ಮೂಗು ಬಂತೋ? ಇಳೀತೀಯೋ, ನಾಳೆಯಿಂದ ಮನೇಲೇ ಇರ್ತೀಯೋ?"

ತೂರಾಟನ ಕೈ ಮೆಲ್ಲಗೆ ಬಾಟಲಿಯತ್ತ ಹೋಯಿತು. ಕೆಲಸ ಹೋದರೆ ಮನೆಯವರ ಗತಿಯೇನು?

ಅಷ್ಟರಲ್ಲಿ ನಮ್ಮ ಗುಂಪಿನ ಮುದುಕ ಮುಂದೆ ಬಂದ. ಹಲ್ಲುಜ್ಜುವ ಮೊದಲೇ ಗಂಟಲು ಒದ್ದೆ ಮಾಡಿಕೊಳ್ಳುವ ಆಸಾಮಿ ಅವನು. ತನಗೂ ಮಾತ್ರೆ ಕೊಟ್ಟಿದ್ದಾರೆ, ತಾನೂ ಇಳಿಯುವಂತಿಲ್ಲ ಎಂದ. ಅವನ ಬಾಯಿಯ ವಾಸನೆಗೆ ಕಂಟ್ರಾಕ್ಟರೇ ಹಿಂದೆ ಸರಿದ. ನಾನೂ ಅದೇ ಸುಳ್ಳು ಹೇಳಿದೆ. ಹೇಳುವಾಗ ಅದು ನಿಜವಾಗಲಿ ಅನ್ನಿಸಿತು. ಮಿಕ್ಕವರೂ ಹೇಳಿದರು.

ಗುಂಡಿಯ ನೀರು ಉಕ್ಕಿ ಬೀದಿಗೆ ಹರಿಯತೊಡಗಿತು. ಅಂಗಡಿಯವರು ಬಾಗಿಲಿಗೆ ಬಂದು ಕಂಟ್ರಾಕ್ಟರನ ಹೆಸರು ಹಿಡಿದು ಕೂಗುತ್ತಿದ್ದರು.

"ಹಾಗಾದ್ರೆ ಯಾವನ್ರೋ ಇಳಿಯೋದು?" ಎಂದ ಕಂಟ್ರಾಕ್ಟರ್.

ತೂರಾಟ ಗುಂಡಿಗಿಳಿಯಲೆಂದು ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿದ. ಬಲು ವಿನಯದಿಂದ ಅದನ್ನು ಕಂಟ್ರಾಕ್ಟರನ ಸೊಂಟಕ್ಕೆ ಸುತ್ತಿ, ಗುಂಡಿಯ ಬಾಯಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ.

"ಹೊಟ್ಟೆ ಚೂರು ಒಳಗೆ ಎಳ್ಕೊಳಿ ಧಣಿ. ಮೇಲೆ ನಾವು ಹಿಡ್ಕೊಂಡಿರ್ತೀವಿ."