ರುಚಿ ನೋಡದ ಸಾರು

ದೀಪ್ತಿ ಬೆಣ್ಣೆ ಹಚ್ಚುವುದರಲ್ಲಿ ಜಾಣೆ ಎಂದೇ ನಾನು ಮೊದಲು ತಿಳಿದಿದ್ದೆ. ಸೊಪ್ಪು ಸಣ್ಣಗೆ ಹೆಚ್ಚಿದರೂ ಹೊಗಳಿಕೆ, ಹಂಡೆ ಫಳಫಳ ಹೊಳೆದರೂ ಹೊಗಳಿಕೆ. ಅವಳ ಮಾವ ನರಸಿಂಹರಾಯರ ಕಾಲದಲ್ಲಿ ಮದುವೆ-ಮುಂಜಿಗಳಿಗೆ ಊಟ ಮಾಡಿಕೊಡುವ ನಮ್ಮ ನಾರಾಯಣಗೂಡದ ಅಡುಗೆಮನೆಗೆ ಬೈಗುಳವೇ ಒಗ್ಗರಣೆ. ತಪ್ಪು ಮಾಡಿದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ರಾಯರು ಹಾಸಿಗೆ ಹಿಡಿದು ಕೆಲಸ ಸೊಸೆಯ ಕೈಗೆ ಬಂದದ್ದೇ ತಡ, ಹಳೆಯ ಗಿರಾಕಿಗಳು ಮೆಲ್ಲಗೆ ಜಾರಿದರು. ತಾರ್ನಾಕದ ಈ ಗೃಹಪ್ರವೇಶವೇ ಅವಳಿಗೆ ಸಿಕ್ಕ ಮೊದಲ ದೊಡ್ಡ ಊಟ. ಇದೂ ಕೆಟ್ಟರೆ ಬೀಗ ಹಾಕುವುದೇ ಎಂದು ಅವಳೇ ಹೇಳಿದ್ದಳು.

ಹೋಳಿಗೆ, ಕಟ್ಟಿನ ಸಾರು. ನೈವೇದ್ಯ ಆಗುವ ತನಕ ನಮ್ಮಲ್ಲಿ ಯಾರೂ ನಾಲಿಗೆಗೆ ಹನಿ ತಾಗಿಸುವಂತಿಲ್ಲ. ಉಪ್ಪು, ಖಾರ ಎಲ್ಲಾ ಅಂದಾಜಿನ ಮೇಲೆ. ನಾನು ಸಾರಿಗೆ ಒಂದು ಬಟ್ಟಲು ಉಪ್ಪು ಸುರಿದು, ಸಿಲಿಂಡರ್ ಬದಲಿಸಲು ಹೊರಗೆ ಹೋದೆ. ಬರುವಷ್ಟರಲ್ಲಿ ಹೋಳಿಗೆ ಲಟ್ಟಿಸುವ ಯಂಕಮ್ಮ ದೀಪ್ತಿಯ ಮುಂದೆ ನಿಂತಿದ್ದಳು.

"ಅಕ್ಕಾರ, ಸಾರಿಗೆ ನಾನೂ ಒಂದು ಬಟ್ಟಲು ಉಪ್ಪು ಹಾಕೀನ್ರಿ. ವೈಜನಾಥಣ್ಣಾರು ಮರ್ತಾರ ಅನ್ಕೊಂಡೆ."

ಮರೆತವನು ನಾನಂತೆ! ನನಗೆ ಪಿತ್ತ ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ದೀಪ್ತಿ ಅವಳ ಕೈ ಹಿಡಿದಳು.

"ಹೇಳಿದ್ದು ಭಾಳ ಛಲೋ ಆತು, ಯಂಕಮ್ಮ. ನೀವು ಸುಮ್ನಿದ್ರ ನಮ್ಮ ಗತಿ ಏನಾಗ್ತಿತ್ತು? ಕಾಕಾ, ಎರಡು ಬಟ್ಟಲಿನ ಲೆಕ್ಕಕ್ಕ ಸರಿ ಮಾಡೂಣ ನಡೀರಿ."

ಆಗ ಬಾಗಿಲ ಬಳಿ ಎಲೆ ಒರೆಸುತ್ತಿದ್ದ ಕಲ್ಲೇಶ ಕೆಮ್ಮಿದ. ಬಡಿಸುವವರಲ್ಲಿ ಹಿರಿಯ ಅವನು. ಮಾಡಿದ ತಪ್ಪನ್ನು ಜನ್ಮದಲ್ಲಿ ಒಪ್ಪಿಕೊಂಡವನಲ್ಲ.

"ಎರಡಲ್ರಿ, ಅಕ್ಕಾರ. ಮೂರು. ಯಾರೂ ಹಾಕಿಲ್ಲಂತ ನಾನೂ ಹಾಕೀನಿ."

ರುಚಿ ನೋಡುವಂತಿಲ್ಲದ ಸಾರಿಗೆ ಇವನ ಮಾತೇ ಆಧಾರ. ಎರಡೆಂದು ನಂಬಿ ಸರಿಮಾಡಿದ್ದರೂ ಸಾರು ಕೆಡುತ್ತಿತ್ತು! ಸಾರಿನ ಮೂರರಲ್ಲಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿದೆವು. ಹೋಳಿಗೆ ಬೇಳೆಯಿಂದ ಬಸಿದಿಟ್ಟ ಸಪ್ಪೆ ಕಟ್ಟು, ಹುಣಸೆರಸ, ಮಸಾಲೆ ಸೇರಿಸಿ ಮತ್ತೆ ಕುದಿಸಿದೆವು. ದೀಪ್ತಿಯೂ ಸೆರಗು ಸಿಕ್ಕಿಸಿ ಸೌಟು ಹಿಡಿದಳು.

ನೈವೇದ್ಯವಾಯಿತು, ಪಂಕ್ತಿ ಕೂತಿತು. ಮನೆಯ ಹಿರಿಯಜ್ಜಿ ತುಳಸಾಬಾಯಿ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟಾಗ ನಾವು ಬಾಗಿಲಲ್ಲೇ ನಿಂತು ನೋಡುತ್ತಿದ್ದೆವು. ಅಜ್ಜಿ ಅನ್ನ ತೋಡಿ ಗುಂಡಿ ಮಾಡಿ, "ಇನ್ನಷ್ಟು ಹಾಕ್ರಿ" ಎಂದರು. ಅಬ್ಬಾ! ಕಲ್ಲೇಶ ಸಾರಿನ ಬಕೆಟ್ ಹಿಡಿದು ಓಡಿದ. ಯಂಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಊಟವಾದ ಮೇಲೆ ಅಜ್ಜಿ ಒಳಗೆ ಬಂದು, "ಸಾರಿಗೆ ಉಪ್ಪು ಎಷ್ಟು ಹದಾ ಬಿದ್ದೈತಿ! ಯಾರ ಕೈ ಅದು?" ಎಂದು ಕೇಳಿದರು.

ದೀಪ್ತಿ ನಮ್ಮ ಮೂವರನ್ನೂ ಸಾಲಾಗಿ ಮುಂದೆ ನಿಲ್ಲಿಸಿದಳು. "ಮೂರೂ ಮಂದೀದು ನೋಡ್ರಿ, ಅಜ್ಜಿ" ಎಂದಳು.